ಕುಳ್ಳು ಬಡಿದ ಕಲ್ಲುಗಳು

ಖುರ್ಷಿದಬೇಗಂ ಮದುವೆಯಾಗಿ ಆ ಊರಿಗೆ ಬಂದ ನಾಲ್ಕನೆಯ ದಿನ ಅತ್ತೆ ಪ್ಯಾರಿಬಿ ಅವಳನ್ನು ಊರ ಹೊರಗಿನ ಬೀಳು ಹೊಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸಾಲುಸಾಲಾಗಿ ನಿಂತಿದ್ದ ಕರಿಯ ಕಲ್ಲುಗಳನ್ನು ತೋರಿಸಿ, "ಈ ಮೂರು ಸಾಲು ನಮ್ಮವು. ಇನ್ನ ಮ್ಯಾಲ ನಿನ್ನವು," ಎಂದಳು. ಬೇರೆಯವರ ಮನೆಯಲ್ಲಿ ಹೊಸ ಸೊಸೆಗೆ ಬಳೆ ಕೊಡುತ್ತಾರೆ, ಬೆಳ್ಳಿ ಕಾಲುಂಗುರ ಕೊಡುತ್ತಾರೆ. ನನಗೆ ಕಲ್ಲು ಕೊಟ್ಟರಲ್ಲ ಎಂದು ಹುಡುಗಿಗೆ ಒಳಗೊಳಗೇ ನಗು. ಆದರೆ ಮರುದಿನ ಬೆಳಿಗ್ಗೆ ಸಗಣಿ ಬುಟ್ಟಿ ಹೊತ್ತು ಅಲ್ಲಿಗೆ ಹೋದಾಗ ಅತ್ತೆಯ ಮಾತಿನ ಬೆಲೆ ತಿಳಿಯಿತು. ಮನೆಯ ಮಣ್ಣಿನ ಗೋಡೆಗೆ ಬಡಿದ ಕುಳ್ಳು ಒಣಗಲು ನಾಲ್ಕು ದಿನ ಬೇಕು. ಆ ಕರಿಗಲ್ಲಿಗೆ ಬಡಿದದ್ದು ಎರಡೇ ದಿನಕ್ಕೆ ಗಟ್ಟಿಯಾಗಿ, ಬೆರಳು ಕೊಟ್ಟರೆ ಸಾಕು, ರೊಟ್ಟಿ ಎದ್ದ ಹಾಗೆ ಎದ್ದು ಬರುತ್ತಿತ್ತು.

ಊರು ಇರುವುದು ಅಫಜಲಪುರ ತಾಲೂಕಿನಲ್ಲಿ, ಅತನೂರಿನ ಆಚೆ. ಕಲ್ಲಿನ ಹೊಲ ಶಾಂತಲಿಂಗಪ್ಪ ಸಾಹುಕಾರರದು. ಒಟ್ಟು ಏಳು ಸಾಲು, ಸಾಲಿಗೆ ಒಂಬತ್ತು ಕಲ್ಲು. ಸೊಂಟದೆತ್ತರದವು, ಎದೆಯೆತ್ತರದವು, ಕೆಲವು ಆಯಾಸವಾದವರ ಹಾಗೆ ಅಡ್ಡಾದವು. ಉದ್ದಕ್ಕೆ ನೋಡಿದರೂ ಸಾಲು, ಅಡ್ಡಕ್ಕೆ ನೋಡಿದರೂ ಸಾಲು, ಮೂಲೆಯಲ್ಲಿ ನಿಂತು ನೋಡಿದರೂ ಸಾಲು. ನೇಗಿಲು ತಾಗುತ್ತದೆಂದು ಆ ಎರಡು ಎಕರೆಯಲ್ಲಿ ಯಾರೂ ಬಿತ್ತುತ್ತಿರಲಿಲ್ಲ. ಸುತ್ತಲೂ ತೊಗರಿ ಬೆಳೆಯುತ್ತಿತ್ತು, ನಡುವೆ ಕಲ್ಲು ನಿಂತಿರುತ್ತಿದ್ದವು.

ಮೂವತ್ತೆಂಟು ವರ್ಷ ಖುರ್ಷಿದಬೇಗಂ ಆ ಕಲ್ಲುಗಳಿಗೆ ಕುಳ್ಳು ಬಡಿದಳು. ಮನೆಯಲ್ಲಿ ನಾಲ್ಕು ಎಮ್ಮೆ, ಎರಡು ಆಕಳು. ಎಮ್ಮೆಯ ಕುಳ್ಳು ಊರವರ ನೀರೊಲೆಗೆ ಹೋಗುತ್ತಿತ್ತು. ಆಕಳ ಸಗಣಿಯ ಕುಳ್ಳನ್ನು ಕೊನೆಯ ಸಾಲಿಗೆ ಬೇರೆಯಾಗಿ ಬಡಿದು, ಬೇರೆಯಾಗಿ ಒಟ್ಟುತ್ತಿದ್ದಳು; ಅವನ್ನು ಗಂಡ ಗೌಸಮೊಹಿದ್ದೀನ ತನ್ನ ಟಂಟಂ ಆಟೋದಲ್ಲಿ ಹೇರಿಕೊಂಡು ಗಾಣಗಾಪುರಕ್ಕೆ ಒಯ್ದು, ಹೋಮದ ಸಾಮಾನು ಮಾರುವ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಆಕೆಯ ಕುಳ್ಳು ಒಂದೇ ಅಳತೆ, ಒಂದೇ ದಪ್ಪ. ಅಂಗಡಿಯವರು ಅದನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಯಾವ ಕಲ್ಲಿನ ಮೈ ಉರುಟು, ಯಾವುದರ ಮೈ ನುಣುಪು ಎಂದು ಕಣ್ಣು ಮುಚ್ಚಿ ಹೇಳುವಷ್ಟು ಅವು ಆಕೆಯ ಅಂಗೈಗೆ ಪರಿಚಯವಾಗಿದ್ದವು. ಒಂದಿಷ್ಟು ವಾಲಿ ನಿಂತಿದ್ದಕ್ಕೆ ಆಕೆ ದುಲ್ಹಾ, ಅಂದರೆ ಮದುಮಗ, ಎಂದು ಹೆಸರಿಟ್ಟಿದ್ದಳು, ಪಕ್ಕದ ಗಿಡ್ಡನೆಯದಕ್ಕೆ ದುಲ್ಹನ್.

ಆ ಕಲ್ಲು ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎನ್ನುವುದಕ್ಕೆ ಊರಲ್ಲಿ ತಲೆಗೊಂದು ಮಾತಿತ್ತು. ಕುರಿ ಕಾಯುವ ಹುಲೆಪ್ಪ, "ಮದುವಿ ದಿಬ್ಬಣ ಹೊಂಟಿತ್ತು, ಊಟದಾಗ ಜಗಳಾಡಿದ್ರು, ಅಲ್ಲೇ ಕಲ್ಲಾದ್ರು," ಎನ್ನುತ್ತಿದ್ದ. ಶಾಂತಲಿಂಗಪ್ಪನವರದು ಬೇರೆ. ಅವರು ಎಪ್ಪತ್ತು ದಾಟಿದವರು, ಬಿಳಿ ಧೋತರ, ಹಣೆಯ ತುಂಬ ವಿಭೂತಿ, ತಿಂಗಳಿಗೊಮ್ಮೆ ಜಿಡಗಾ ಮಠಕ್ಕೆ ಹೋಗಿ ಬರುವವರು. "ಇದು ಸಭಾ ಆಗಿತ್ತು. ಒಬ್ಬರಿಗೊಂದು ಕಲ್ಲು, ಬೆನ್ನು ಆನಿಸಿ ಕೂಡಾಕ. ನೋಡು, ನಡುವ ಎತ್ತರದ ಗದ್ದುಗಿ ಇಲ್ಲ. ಮ್ಯಾಲಿನವ ಕೆಳಗಿನವ ಇಲ್ಲ. ಎಲ್ಲಾರೂ ಒಂದ!" ಎಂದು ಹೇಳುವಾಗ ಅವರ ದನಿ ಏರುತ್ತಿತ್ತು. ಅವರ ತಮ್ಮನ ಮಗ ಕಲ್ಲಿನಾಥ ಅಫಜಲಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಯೂಟ್ಯೂಬಿನಲ್ಲಿ ಒಂದು ಚಾನೆಲ್ಲೂ ಇತ್ತು. ಆಕಾಶದಿಂದ ಇಳಿದು ಬರುವವರಿಗೆ ದಾರಿ ತೋರಿಸಲು ಹಾಕಿದ ಗುರುತು ಇದು ಎನ್ನುವುದು ಅವನ ವಾದ. "ಇಲ್ಲಾಂದ್ರ ಮ್ಯಾಲಿಂದ ನೋಡಿದ್ರ ಇಷ್ಟು ಚಂದ ಯಾಕ ಕಾಣಬೇಕು, ದೊಡ್ಡಪ್ಪ?" ಎಂದು ಕೇಳುತ್ತಿದ್ದ.

ಖುರ್ಷಿದಬೇಗಂಳನ್ನು ಯಾರೂ ಕೇಳಿರಲಿಲ್ಲ. ಒಂದು ದಿನ ತೊಗರಿ ನೋಡಲು ಬಂದ ಶಾಂತಲಿಂಗಪ್ಪನವರು ಆಕೆಯ ಎದುರೇ ಕಲ್ಲಿನಾಥನ ಜೊತೆ ವಾದಕ್ಕೆ ಬಿದ್ದಾಗ, ಆಕೆ ಕೈ ತೊಳೆಯುತ್ತಾ ನಡುವೆ ಬಾಯಿ ಹಾಕಿದಳು.

"ಸಾವ್ಕಾರ್ರ, ನಂದೊಂದು ಮಾತು ಕೇಳ್ತೀರೇನ್ರಿ?"

"ಹೇಳು, ಖುರ್ಷಿದಾ."

"ಇದು ಕುಳ್ಳು ಒಣಗಸೋ ಜಾಗಾ ಅದ. ಒಂದ್ರ ನೆಳ್ಳು ಇನ್ನೊಂದ್ರ ಮ್ಯಾಲ ಬೀಳಂಗಿಲ್ಲ ನೋಡ್ರಿ. ಮುಂಜಾನಿ ಒಂದು ಮೈಗಿ ಬಿಸಲು, ಸಂಜೀಕ ಇನ್ನೊಂದು ಮೈಗಿ. ನಡುವ ಗಾಳಿ ಆಡ್ತದ. ಇಷ್ಟೆಲ್ಲಾ ಲೆಕ್ಕ ಹಾಕಿ ನಿಂದರಸಬೇಕಾದ್ರ ಅವರು ಗಂಡಸರಲ್ರಿ, ಹೆಂಗಸರ."

ಇಬ್ಬರೂ ಒಮ್ಮೆಲೇ ನಕ್ಕರು. ಶಾಂತಲಿಂಗಪ್ಪನವರಂತೂ ಕಣ್ಣೊರೆಸಿಕೊಂಡರು. ಅವರ ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಆಕೆಯೂ ಜೊತೆಗೆ ನಕ್ಕಳು. ಆದರೆ ತನ್ನ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಕಳೆದ ವರ್ಷದ ಮಳೆ ಮುಗಿದ ಮೇಲೆ ಕಲ್ಲಿನಾಥ ಯಾರದೋ ಡ್ರೋನ್ ತಂದು ಹೊಲದ ಮೇಲೆ ಹಾರಿಸಿದ. ಹಸಿರು ತೊಗರಿಯ ನಡುವೆ ಕರಿಯ ಚುಕ್ಕೆಗಳ ಸಾಲು ನಿಜಕ್ಕೂ ನೋಡುವ ಹಾಗಿತ್ತು. ಆ ವಿಡಿಯೋ ಎಲ್ಲೆಲ್ಲೋ ಹೋಯಿತು. ಆಳಂದ, ಜೇವರ್ಗಿ ಕಡೆಯ ಹುಡುಗರು ಬೈಕಿನಲ್ಲಿ ಬಂದು ಫೋಟೋ ಹೊಡೆದುಕೊಂಡು ಹೋದರು. ಅವರ ಹಿಂದೆಯೇ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಕಲಬುರಗಿಯಿಂದ ಜೀಪಿನಲ್ಲಿ ಐಶ್ವರ್ಯಾ ಎನ್ನುವ ಹುಡುಗಿ ಬಂದಿಳಿದಳು. ಮೂವತ್ತರ ಒಳಗಿನವಳು, ತಲೆಗೆ ಹ್ಯಾಟು, ಕಾಲಿಗೆ ಬೂಟು. ಹಳೆಯ ಕಾಲದ ಜನವಸತಿಗಳನ್ನು ಅಗೆದು ಓದುವುದು ಅವಳ ಕೆಲಸ. ಸರ್ಕಾರದ ಪರವಾನಗಿ ಪತ್ರ ಕೈಯಲ್ಲಿತ್ತು, ಜೊತೆಗೆ ನಾಲ್ಕು ಜನ ವಿದ್ಯಾರ್ಥಿಗಳು.

ಅವಳು ಮೊದಲು ಕಂಡದ್ದು ಕಲ್ಲನ್ನಲ್ಲ, ಕುಳ್ಳನ್ನು. ಮೂರು ಸಾಲು ಕಲ್ಲಿನ ಮೈತುಂಬ ಐದು ಬೆರಳಿನ ಗುರುತು ಒತ್ತಿದ ಕುಳ್ಳು. ಖುರ್ಷಿದಬೇಗಂ ಆಗಿನ್ನೂ ನಾಲ್ಕನೆಯ ಬುಟ್ಟಿಯಲ್ಲಿದ್ದಳು.

"ಚಾಚಿ, ಇದೇನು ಮಾಡಾಕತ್ತೀರಿ?" ಎಂದಳು ಐಶ್ವರ್ಯಾ, ದನಿಯಲ್ಲಿ ಗಾಬರಿ. "ಇವು ಸಾವಿರಾರು ವರ್ಷದ ಕಲ್ಲು! ಹಿಂಗ ಮಾಡಿದ್ರ ಹಾಳಾಗ್ತಾವ."

"ನಾ ಹಾಳು ಮಾಡೇನ್ರಿ, ಮ್ಯಾಡಮ್ಮರ?" ಖುರ್ಷಿದಬೇಗಂ ಸಗಣಿಯ ಕೈಯನ್ನು ಹಾಗೇ ಹಿಡಿದು ತಿರುಗಿದಳು. "ಮೂವತ್ತೆಂಟು ವರ್ಷ ಆತು, ದಿನಾ ಇವುಕ್ಕ ಮೈ ಸವರಾಕತ್ತೇನಿ. ನಮ್ಮತ್ತಿನೂ ಬಡದಾಳ. ಒಂದಾರ ಬಿದ್ದದೇನು?"

ಐಶ್ವರ್ಯಾ ಒರಟು ಹುಡುಗಿಯಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು, ಕಲ್ಲಿನ ಮೈಮೇಲೆ ಏನಾದರೂ ಗೀಚಿದ ಗುರುತಿದ್ದರೆ ಸಗಣಿಯ ಕೆಳಗೆ ಅದು ಕಾಣುವುದಿಲ್ಲ, ಅದಕ್ಕೇ ಬೇಡ ಎನ್ನುವುದು ಎಂದು ಬಿಡಿಸಿ ಹೇಳಿದಳು. ಶಾಂತಲಿಂಗಪ್ಪನವರೂ ಬಂದು, "ಇರಲಿ ಖುರ್ಷಿದಾ, ಸ್ವಲ್ಪ ದಿನ ಬಿಡು," ಎಂದರು. ಹೊಲ ಅವರದು. ಆಕೆ ಹಸಿ ಕುಳ್ಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದಳು. ವಿದ್ಯಾರ್ಥಿಗಳು ಕಲ್ಲು ತೊಳೆಯಲು ನೀರು ತರುತ್ತಿದ್ದುದನ್ನು ಕಂಡು, "ನಕ್ಕೋ, ಬ್ಯಾಡ, ನಿಮಗ ಬರಂಗಿಲ್ಲ. ನಾನ ತೊಳೀತೇನಿ," ಎಂದು ಬ್ರಶ್ಶು ಕಸಿದುಕೊಂಡಳು.

ಎರಡು ದಿನ ತೊಳೆದಳು. ಅಷ್ಟು ವರ್ಷ ಜೊತೆಗಿದ್ದ ಕಲ್ಲುಗಳ, ಸಗಣಿಯ ಕಲೆಯೂ ಇಲ್ಲದ ಬರಿ ಮೈಯನ್ನು ಆಕೆ ಕಂಡದ್ದು ಅದೇ ಮೊದಲು. ಸಂಜೆಯ ಬಿಸಿಲಿಗೆ ಒದ್ದೆ ಕಲ್ಲು ನೀಲಿಯಾಗಿ ಹೊಳೆದವು. ಚಂದ ಅದಾವ ಎಂದುಕೊಂಡಳು, ಸಿಟ್ಟಿನಲ್ಲೂ.

ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಮನೆಯ ಗೋಡೆಗೆ ಬಡಿದ ಕುಳ್ಳು ಚಳಿಗಾಲದ ಇಬ್ಬನಿಗೆ ಒಣಗಲೊಲ್ಲದು. ಗಾಣಗಾಪುರದ ಅಂಗಡಿಯವರು ಫೋನ್ ಮೇಲೆ ಫೋನ್ ಮಾಡಿದರು. ಗೌಸಮೊಹಿದ್ದೀನ ಸಮಾಧಾನ ಹೇಳಹೋಗಿ ಬೈಸಿಕೊಂಡ. ಆದರೂ ಬೆಳಿಗ್ಗೆ ಹಾಲು ಹಿಂಡಿ ಮುಗಿಸುತ್ತಲೇ ಆಕೆಯ ಕಾಲು ತಾವಾಗಿ ಕಲ್ಲಿನ ಹೊಲದ ದಾರಿ ಹಿಡಿಯುತ್ತಿದ್ದವು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಒಂದು ಕ್ಯಾನಿನಲ್ಲಿ ಚಹಾ ಒಯ್ಯತೊಡಗಿದಳು. ಮೂರನೆಯ ದಿನದ ಹೊತ್ತಿಗೆ ಐಶ್ವರ್ಯಾ ಚಹಾಕ್ಕಾಗಿ ದಾರಿ ಕಾಯುವ ಹಾಗಾಯಿತು. ಐದನೆಯ ದಿನ ಖುರ್ಷಿದಬೇಗಂ ಅವಳನ್ನು ಮ್ಯಾಡಮ್ಮರ ಎನ್ನುವುದು ಬಿಟ್ಟು ಬೇಟಿ ಎಂದಳು.

ಹುಡುಗಿ ಎರಡು ಸಾಲಿನ ನಡುವೆ, ಕಲ್ಲಿನ ಬುಡಕ್ಕೆ ತಾಗಿದ ಹಾಗೆ, ನೆಲವನ್ನು ಅಳೆದು, ದಾರ ಕಟ್ಟಿ, ಸಣ್ಣ ಗುಂಡಿ ತೆಗೆಸುತ್ತಿದ್ದಳು. ದಿನಕ್ಕೆ ನಾಲ್ಕು ಬೆರಳಿನಷ್ಟು ಆಳ. ಇಷ್ಟು ನಿಧಾನಕ್ಕೆ ಅಗೆದರೆ ಒಂದು ಬಾವಿ ತೆಗೆಯಲು ಎಷ್ಟು ತಲೆಮಾರು ಬೇಕೋ ಎಂದು ಖುರ್ಷಿದಬೇಗಂ ಮನಸ್ಸಿನಲ್ಲೇ ಅಂದುಕೊಂಡಳು. ಎರಡನೆಯ ವಾರ, ಮೊಳಕಾಲುದ್ದ ಆಳದಲ್ಲಿ ಕರಿ ಮಣ್ಣು ಮುಗಿದು ಬೂದು ಬಣ್ಣದ ಮೆತ್ತನೆಯ ಪದರ ಕಂಡಿತು. ಅದರೊಳಗೆ ತೂತುತೂತಾದ, ಅಲ್ಲಲ್ಲಿ ಗಾಜಿನ ಹಾಗೆ ಮಿನುಗುವ ಹೆಂಟೆಗಳು. ವಿದ್ಯಾರ್ಥಿಗಳು ಗುಂಪುಗೂಡಿದರು. ಒಬ್ಬ, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ ಎಂದ. ಇನ್ನೊಬ್ಬಳು, ಕುಂಬಾರರ ಆವಿಗೆ ಇರಬಹುದು ಎಂದಳು. ಹಿಂದಿನ ಕಾಲದವರು ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿದಿಬ್ಬಗಳ ಬಗ್ಗೆ ಐಶ್ವರ್ಯಾ ಓದಿದ್ದಳು. ಆದರೆ ಅವು ಗುಡ್ಡದಂಥವು. ಹೀಗೆ ನೆಲದಡಿ ತೆಳ್ಳಗೆ ಹಾಸಿಕೊಂಡದ್ದನ್ನು ಕಂಡಿರಲಿಲ್ಲ. ಅವಳು ಹಣೆ ತಿಕ್ಕುತ್ತಾ ಕುಳಿತಳು.

ಚಹಾ ಬಗ್ಗಿಸುತ್ತಿದ್ದ ಖುರ್ಷಿದಬೇಗಂ ಕುತ್ತಿಗೆ ಚಾಚಿ ನೋಡಿದಳು.

"ಅದಕ್ಯಾಕ ಇಷ್ಟು ವಿಚಾರ, ಬೇಟಿ? ಅದು ಕುಳ್ಳು ಅಲ್ಲೇನು?"

ಎಲ್ಲರೂ ಆಕೆಯ ಕಡೆ ತಿರುಗಿದರು.

"ಕುಳ್ಳು ಸುಟ್ಟ ಬೂದಿ ಹಿಂಗ ಗಾಜಾಗ್ತದೇನು, ಚಾಚಿ? ನಿಮ್ಮ ಒಲ್ಯಾಗ ನೋಡೀರೇನು?"

"ಒಲ್ಯಾಗ ಆಗಂಗಿಲ್ಲ. ಬಣವಿ ಸುಟ್ರ ಆಗ್ತದ. ಹದಿನಾಲ್ಕು ವರ್ಷದ ಹಿಂದ ನಮ್ಮ ಕುಳ್ಳಿನ ಬಣವಿಗಿ ಬೆಂಕಿ ಬಿತ್ತು. ನೀರು ಹಾಕಿದ್ರೂ ಆರಲಿಲ್ಲ. ಮೂರು ದಿನ ಒಳಗಿಂದೊಳಗ ಕಾದು ಕಾದು, ಬುಡದಾಗ ಇಂಥಾವ ಹೆಂಟಿ ಆಗಿದ್ವು. ಇರು, ತರ್ತೇನಿ."

ಚಹಾದ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಹೋದಳು. ಬರುವಾಗ ಕೈಯಲ್ಲಿ ಮುಷ್ಟಿಗಾತ್ರದ ಒಂದು ಬೂದು ಹೆಂಟೆ. ಒಂದು ಮಗ್ಗಲು ಸವೆದು ನುಣ್ಣಗಾಗಿತ್ತು.

"ಇದು ನಮ್ಮ ಬಚ್ಚಲದಾಗಿಂದು," ಎಂದಳು ಸ್ವಲ್ಪ ನಾಚಿ. "ಹಿಮ್ಮಡ ತಿಕ್ಕಾಕ ಇಟ್ಕೊಂಡೇನಿ. ಭಾಳ ಛಲೋ ತಿಕ್ತದ. ಕಿಟ್ಟ ಆದ್ರ ಭಾರ ಇರ್ತದ, ಇದು ಹಗುರ ನೋಡು."

ಐಶ್ವರ್ಯಾ ಗುಂಡಿಯ ಹೆಂಟೆಯನ್ನು ಒಂದು ಅಂಗೈಯಲ್ಲಿ, ಬಚ್ಚಲಿನದನ್ನು ಇನ್ನೊಂದರಲ್ಲಿ ಇಟ್ಟುಕೊಂಡು ತೂಗಿದಳು. ಭೂತಗನ್ನಡಿ ತೆಗೆದು ಎರಡನ್ನೂ ನೋಡಿದಳು. ಎರಡರ ಮೈಯಲ್ಲೂ ಸಣ್ಣ ಸಣ್ಣ ಗೆರೆ, ಹೊಟ್ಟು ಸುಟ್ಟುಹೋಗಿ ಅದರ ಅಚ್ಚು ಮಾತ್ರ ಉಳಿದಂತೆ. ಅವಳು ಬಹಳ ಹೊತ್ತು ನೋಡಿ, ಭೂತಗನ್ನಡಿಯನ್ನು ಖುರ್ಷಿದಬೇಗಂಳ ಕೈಗೆ ಕೊಟ್ಟಳು. ಆಕೆಯೂ ಒಂದು ಕಣ್ಣು ಮುಚ್ಚಿ ನೋಡಿದಳು. ದನ ಮೇದದ್ದು, ಅರೆದದ್ದು, ಹಾಕಿದ್ದು, ಎಲ್ಲ ಅಲ್ಲಿತ್ತು.

"ಅಲ್ಲ ಚಾಚಿ," ಐಶ್ವರ್ಯಾ ಕೇಳಿದಳು. ಅವಳ ನೋಟಬುಕ್ಕು ಆಗಲೇ ತೆರೆದಿತ್ತು. "ಇಷ್ಟೊಂದು ಸಗಣಿ ಸುಮ್ಮನ ಯಾಕ ಸುಟ್ಟಾರು? ಉರುವಲ ಅಲ್ಲೇನದು?"

ಖುರ್ಷಿದಬೇಗಂ ನೆಲಕ್ಕೆ ಕುಳಿತು ಯೋಚಿಸಿದಳು. "ದನಕ್ಕ ಬ್ಯಾನಿ ಬಂದಾಗ ಕೊಟ್ಟಿಗಿ ಕಸಾ ಎಲ್ಲಾ ಬಳದು ಸುಡ್ತೇವಿ ನೋಡು, ಆ ಸಗಣಿ ಮನ್ಯಾಗ ಇಡಂಗಿಲ್ಲ. ಒಲಿಗೂ ಹಾಕಂಗಿಲ್ಲ. ಹಂಗ ಸುಟ್ಟಿರಬೇಕು. ಪಾಪ, ಎಷ್ಟು ದನ ಸತ್ತವೋ ಏನೋ." ಆಮೇಲೆ ಗುಂಡಿಯ ಗೋಡೆಯ ಕಡೆ ಕೈ ಮಾಡಿದಳು. "ಇನ್ನೊಂದು ನೋಡು. ಕಲ್ಲು ಹುಗಿಯಾಕ ತೋಡಿದ ಕುಣಿ ಈ ಬೂದಿ ಕಡಕೊಂಡು ಕೆಳಗ ಹೋಗ್ಯಾದ. ಅಂದ್ರ ಮೊದಲ ಬೂದಿ, ಹಿಂದಿಂದ ಕಲ್ಲು. ಹಂಗಾದ್ರ ನಾ ಹೇಳಿದ್ದು ತಪ್ಪಾತು. ಕುಳ್ಳು ಒಣಗಸಾಕಂತ ಕಲ್ಲು ನಿಲ್ಲಿಸಿಲ್ಲ ಬಿಡು."

ಐಶ್ವರ್ಯಾ ಬರೆಯುವುದನ್ನು ನಿಲ್ಲಿಸಿ ಆಕೆಯನ್ನೇ ನೋಡಿದಳು. "ಚಾಚಿ, ಇದನ್ನ ನೋಡಾಕ ನಾವು ಎರಡು ವರ್ಷ ಓದಬೇಕಾತು," ಎಂದಳು. ಖುರ್ಷಿದಬೇಗಂಗೆ ಅದು ಹೊಗಳಿಕೆಯೋ ತಮಾಷೆಯೋ ತಿಳಿಯಲಿಲ್ಲ. ಚಹಾ ಆರಿಹೋಗಿತ್ತು. ಬೇರೆ ಮಾಡಿಕೊಂಡು ಬಂದಳು.

ಹೆಂಟೆಗಳು ದೊಡ್ಡ ಊರಿನ ಪ್ರಯೋಗಶಾಲೆಗೆ ಹೋದವು. ಜೊತೆಗೆ ಬಚ್ಚಲಿನದೂ ಹೋಯಿತು. ಖುರ್ಷಿದಬೇಗಂ ಆ ಚಳಿಗಾಲ ಹಿಮ್ಮಡಿಗೆ ಹಂಚಿನ ಚೂರು ಹಿಡಿದಳು.

ಉಗಾದಿಗೆ ಹದಿನೈದು ದಿನ ಮುಂಚೆ ಉತ್ತರ ಬಂತು. ಐಶ್ವರ್ಯಾ ಸ್ವತಃ ಬಂದು, ಶಾಂತಲಿಂಗಪ್ಪನವರ ಮನೆಯ ಅಂಗಳದಲ್ಲಿ ಊರವರನ್ನು ಕೂಡಿಸಿ ಹೇಳಿದಳು. ಬೂದಿ ಸಗಣಿಯದೇ. ಸುಟ್ಟು ಸುಮಾರು ನಾಲ್ಕು ಸಾವಿರ ವರ್ಷವಾಗಿದೆ. ಇಲ್ಲಿ ದನ ಸಾಕಿದ ಜನ ಇದ್ದರು. ಕಲ್ಲು ನಿಂತದ್ದು ಅದಕ್ಕಿಂತ ಬಹಳ ಈಚೆಗೆ, ಸಾವಿರ ವರ್ಷವಾದರೂ ಆದ ಮೇಲೆ.

"ಕಲ್ಲು ಯಾಕ ನಿಲ್ಲಿಸಿದ್ರು ಅದನ್ನ ಹೇಳವ್ವ," ಎಂದರು ಶಾಂತಲಿಂಗಪ್ಪನವರು.

"ಅದು ಗೊತ್ತಾಗಿಲ್ರಿ, ಸಾವ್ಕಾರ್ರ. ಕೆಳಗ ಎಲುಬು ಸಿಗಲಿಲ್ಲ, ಹಿಂಗಾಗಿ ಗೋರಿ ಅಲ್ಲ. ಮುಂದ ಏನಂತ ನಮಗೂ ಗೊತ್ತಿಲ್ಲ."

ಸಾಹುಕಾರರು ಹುರುಪಿನಿಂದ ತೊಡೆ ತಟ್ಟಿದರು. "ಹಂಗಾದ್ರ ನನ್ನ ಸಭಾ ಉಳೀತು!"

"ನಂದೂ ಉಳೀತು, ದೊಡ್ಡಪ್ಪ," ಎಂದ ಕಲ್ಲಿನಾಥ. ಹಿಂದೆ ಕುಳಿತಿದ್ದ ಹುಲೆಪ್ಪ ತನ್ನ ದಿಬ್ಬಣವನ್ನೂ ಬಿಟ್ಟುಕೊಡಲಿಲ್ಲ. ಅಂಗಳದ ತುಂಬ ನಗು ಎದ್ದಿತು. ಖುರ್ಷಿದಬೇಗಂ ಮಾತ್ರ ಕಂಬಕ್ಕೆ ಆನಿಕೊಂಡು ಕುಳಿತಿದ್ದಳು. ನಾಲ್ಕು ಸಾವಿರ ವರ್ಷ ಎಂದರೆ ಎಷ್ಟು ಎಂದು ಆಕೆಗೆ ಹಿಡಿತಕ್ಕೆ ಸಿಗಲಿಲ್ಲ. ಅಷ್ಟು ಹಿಂದೆ, ಬೆಳಗಿನ ಜಾವದ ಚಳಿಯಲ್ಲಿ, ಯಾವಳೋ ಒಬ್ಬಳು ಕೊಟ್ಟಿಗೆಯಲ್ಲಿ ಬಗ್ಗಿ ಬಿಸಿ ಸಗಣಿ ಬಳಿದಿರಬೇಕು. ಮೈ ಸುಡುವ ದನದ ಕಿವಿ ಮುಟ್ಟಿ ನೋಡಿ ಹೆದರಿರಬೇಕು. ಅವಳ ಹೆಸರು, ಮಾತು, ದೇವರು ಒಂದೂ ಗೊತ್ತಿಲ್ಲ. ಆದರೆ ಅವಳ ಕೈಯ ವಾಸನೆ ಯಾವುದೆಂದು ಗೊತ್ತು. ಈ ವಿಚಾರ ಆಕೆಗೆ ಎಷ್ಟು ಹಿತವೆನ್ನಿಸಿತೆಂದರೆ, ಅಂಗಳ ಖಾಲಿಯಾದರೂ ಏಳಲಿಲ್ಲ.

ಕಲ್ಲಿನ ಹೊಲಕ್ಕೆ ತಂತಿ ಬೇಲಿ ಬಂತು. ಅದೇ ವಾರ ಶಾಂತಲಿಂಗಪ್ಪನವರು ಮನೆಯ ಹಿಂದೆ ಬಿದ್ದಿದ್ದ ಹನ್ನೆರಡು ಶಹಾಬಾದ ಕಲ್ಲಿನ ಹಾಸನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿ ಖುರ್ಷಿದಬೇಗಂಳ ಕೊಟ್ಟಿಗೆಯ ಹಿಂದೆ ಇಳಿಸಿದರು. "ನೀ ಹ್ಯಾಂಗ ಹೇಳ್ತಿ ಹಂಗ ನಿಲ್ಲಸ್ರಿ ಅಂತ ಹೇಳೇನಿ," ಎಂದರು. ಗೌಸಮೊಹಿದ್ದೀನ ಮತ್ತು ಕಲ್ಲಿನಾಥ ಕುಣಿ ತೋಡಿದರು. ಆಕೆ ನಿಂತಲ್ಲಿಂದ ಬಿಸಿಲು ನೋಡಿ, ಗಾಳಿ ನೋಡಿ, "ಒಂದು ಗೇಣು ಈಚೆ ಸರಸ್ರಿ, ನೆಳ್ಳು ಬೀಳ್ತದ," ಎಂದು ಇಬ್ಬರನ್ನೂ ಇಡೀ ದಿನ ಬೆವರಿಳಿಸಿದಳು. ತಿಳಿಬೂದು ಬಣ್ಣದ ಆ ಕಲ್ಲು ಕರಿಗಲ್ಲಿನಷ್ಟು ಕಾಯುವುದಿಲ್ಲ. ಕುಳ್ಳು ಒಣಗಲು ಮೂರು ದಿನ ಬೇಕಾಯಿತು. ಮಣ್ಣಿನ ಗೋಡೆಗಿಂತ ವಾಸಿ ಎಂದು ಆಕೆ ಒಪ್ಪಿಕೊಂಡಳು.

ಮೇ ತಿಂಗಳಲ್ಲಿ ಐಶ್ವರ್ಯಾ ಮತ್ತೆ ಬಂದಳು. ಈ ಸಲ ಜೀಪಿರಲಿಲ್ಲ. ಅತನೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಗೌಸಮೊಹಿದ್ದೀನನ ಟಂಟಂ ಹತ್ತಿ ಬಂದಿದ್ದಳು. ಚೀಲದಲ್ಲಿ ಅಚ್ಚಾದ ವರದಿ ಇತ್ತು. ಕೊಟ್ಟಿಗೆಯ ನೆರಳಿನಲ್ಲಿ ಕುಳಿತು ಪುಟ ತಿರುವಿ ತೋರಿಸಿದಳು. ಒಂದು ಪುಟದಲ್ಲಿ ಊರವರು ಹೇಳುವ ಮಾತುಗಳು: ಸಭೆ, ದಿಬ್ಬಣ, ಆಕಾಶದ ದಾರಿ. ಇನ್ನೊಂದು ಕಡೆ, ಬೂದಿಯ ಬಗ್ಗೆ ಬರೆದ ಅಧ್ಯಾಯದಲ್ಲಿ, ಇದನ್ನು ಮೊದಲು ಗುರುತಿಸಿದವರು ಖುರ್ಷಿದಬೇಗಂ ಎಂದು ಅಚ್ಚಾಗಿತ್ತು. ದನದ ಬೇನೆಯ ಮಾತೂ ಆಕೆಯ ಹೆಸರಿನಲ್ಲೇ ಇತ್ತು.

"ಎಲ್ಲದ ನನ್ನ ಹೆಸರು?"

ಐಶ್ವರ್ಯಾ ಬೆರಳಿಟ್ಟಳು. ಖುರ್ಷಿದಬೇಗಂಗೆ ಕನ್ನಡ ಮಾತು ನೀರು ಕುಡಿದ ಹಾಗೆ, ಆದರೆ ಅಕ್ಷರ ಬಾರದು. ಸಣ್ಣವಳಿದ್ದಾಗ ಮಸೀದಿಯಲ್ಲಿ ಕಲಿತ ಉರ್ದು ಅಷ್ಟೇ. ಆಕೆ ಆ ಅಕ್ಷರಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿದಳು.

"ಇಷ್ಟು ಉದ್ದ ಆಗ್ತದೇನು ಕನ್ನಡದಾಗ?"

"ಉರ್ದುದಾಗ ಹ್ಯಾಂಗ ಬರೀತಾರ ಚಾಚಿ? ನನಗ ಬರಂಗಿಲ್ಲ. ನೀವು ಬರ್ದು ತೋರಸ್ರಿ."

ಪೆನ್ನು ಕೈಗೆ ಬಂತು. ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ವರ್ಷಗಳಿಂದ ಬರೆದಿರಲಿಲ್ಲ. ಬಲದಿಂದ ಎಡಕ್ಕೆ, ಅಚ್ಚಾದ ಹೆಸರಿನ ಕೆಳಗೆ ತನ್ನ ಹೆಸರನ್ನು ತಾನೇ ಬರೆದಳು. ಬರೆದು ಮುಗಿಸಿ ದೂರ ಹಿಡಿದು ನೋಡಿ, ಇನ್ನೊಂದು ಚುಕ್ಕೆ ಬಿಟ್ಟಿದ್ದು ಕಂಡು, ಅದನ್ನೂ ಇಟ್ಟಳು.

"ಸಾಬೀತಾತು ನೋಡು," ಎಂದು ನಕ್ಕು ಪುಸ್ತಕವನ್ನು ಹುಡುಗಿಯ ಮಡಿಲಿಗಿಟ್ಟಳು. ಒಳಗಿಂದ ಎಮ್ಮೆ ಕೂಗಿತು. "ಕೂಡು ಬೇಟಿ, ಊಟ ಮಾಡಿಕೊಂಡೇ ಹೋಗಬೇಕು. ಹಾಲು ಹಿಂಡಿ ಬರ್ತೇನಿ," ಎಂದು ತಂಬಿಗೆ ಹಿಡಿದು ಎದ್ದಳು.